6ನೇ ನಂಬರ್ ಬಸ್ಸು ಮಾಲ್ ಒಳಗೆ ಯಾಕೆ ಹೋಗಲಿಲ್ಲ?



"ಮಾರುಕಟ್ಟೆಗೆ ಜಾತಿ ಇಲ್ಲ. ಜೇಬಲ್ಲಿ ದುಡ್ಡಿದ್ರೆ ಮಾಲ್ ಬಾಗಿಲಲ್ಲಿ ಯಾರೂ ನಿನ್ನ ಕುಲ ಕೇಳಲ್ಲ." ಈ ಮಾತು ಇತ್ತೀಚೆಗೆ ನಮ್ಮ ಹುಡುಗರ ಬಾಯಲ್ಲೂ ಕೇಳ್ತಿದೀನಿ. ಬೇರೆಯವರು ಹೇಳಿದ್ರೆ ನಕ್ಕು ಸುಮ್ಮನಾಗಬಹುದು. ಸಂಘಟನೆಯಲ್ಲಿ ಬೆಳೆದವರೇ ಹೇಳಿದಾಗ ಉತ್ತರ ಕೊಡಲೇಬೇಕು. ನನ್ನ ಉತ್ತರ ಒಂದು ಮಾಲ್‌ನ ಚರಿತ್ರೆ. ಅದು ನಮ್ಮ ಮಾಲ್ ಅಲ್ಲ, ಮಾಲ್‌ಗಳಿಗೆ ತವರುಮನೆಯಂತಿರುವ ಅಮೆರಿಕದ್ದು. ಸ್ವಲ್ಪ ಉದ್ದ ಇದೆ, ಸಮಾಧಾನವಾಗಿ ಓದಿ.

ನ್ಯೂಯಾರ್ಕ್ ರಾಜ್ಯದ ಪಶ್ಚಿಮ ತುದಿಯಲ್ಲಿ, ಕೆನಡಾ ಗಡಿಗೆ ಅಂಟಿಕೊಂಡಂತೆ ಬಫಲೋ ಅನ್ನೋ ನಗರ ಇದೆ. (ಬಾಬಾಸಾಹೇಬರು 1913ರಲ್ಲಿ ಓದಲು ಹೋದ ಕೊಲಂಬಿಯಾ ಇರೋದು ನ್ಯೂಯಾರ್ಕ್ ನಗರದಲ್ಲಿ. ರಾಜ್ಯ ಒಂದೇ, ಊರು ಬೇರೆ.) ಒಂದು ಕಾಲಕ್ಕೆ ಅದು ಉಕ್ಕಿನ ಊರು. ದಕ್ಷಿಣದ ರಾಜ್ಯಗಳಿಂದ ಕಪ್ಪು ಜನ ಕೆಲಸ ಹುಡುಕಿಕೊಂಡು ಬಂದು ನಗರದ ಪೂರ್ವ ಭಾಗದಲ್ಲಿ ನೆಲೆ ನಿಂತರು. 1960ರ ದಶಕದಲ್ಲಿ ಸರ್ಕಾರ ಅವರ ಮನೆಗಳ ಮುಂದೆ ಮರಗಳ ಸಾಲು ಇದ್ದ ಹಂಬೋಲ್ಟ್ ಪಾರ್ಕ್‌ವೇಯನ್ನು ಕಿತ್ತುಹಾಕಿ, ಕಾಲುವೆ ತೋಡಿದ ಹಾಗೆ ನೆಲ ಅಗೆದು ಕೆನ್ಸಿಂಗ್ಟನ್ ಎಕ್ಸ್‌ಪ್ರೆಸ್‌ವೇ ಹಾಕಿತು. ಯಾರಿಗಾಗಿ ಸ್ವಾಮಿ? ಉಪನಗರಗಳಿಗೆ ಮನೆ ಬದಲಿಸಿದ್ದ ಬಿಳಿಯರು ಬೆಳಿಗ್ಗೆ ಕಾರಲ್ಲಿ ಬಂದು ಸಂಜೆ ಬೇಗ ವಾಪಸ್ ಹೋಗಲಿಕ್ಕೆ. 1983ರಲ್ಲಿ ಪಕ್ಕದ ಲ್ಯಾಕವಾನಾದ ಬೆತ್ಲೆಹೆಮ್ ಸ್ಟೀಲ್ ಹೆಚ್ಚುಕಡಿಮೆ ಪೂರ್ತಿ ಮುಚ್ಚಿತು. ಕೆಲಸ ಹೋಯಿತು. ಪೇಟೆಯ ಹಳೇ ದೊಡ್ಡ ಅಂಗಡಿಗಳೂ ಒಂದೊಂದಾಗಿ ಬಾಗಿಲು ಹಾಕಿದವು.

ಆಗ ಬಂತು ನೋಡಿ ಮಾಲ್. 1989ರಲ್ಲಿ, ನಗರದ ಗಡಿಯಾಚೆ ಚೀಕ್ಟೊವಾಗಾ ಅನ್ನೋ ಉಪನಗರದಲ್ಲಿ, ಹೆದ್ದಾರಿ ಪಕ್ಕ, ಪಿರಮಿಡ್ ಅನ್ನೋ ಕಂಪನಿ ವಾಲ್ಡನ್ ಗ್ಯಾಲೇರಿಯಾ ತೆರೆಯಿತು. ಎರಡು ಅಂತಸ್ತು, ಸುತ್ತ ಕಾರು ನಿಲ್ಲಿಸುವ ಬಯಲು. ಇಂಥದ್ದನ್ನು ಅಲ್ಲಿ ರೀಜನಲ್ ಮಾಲ್ ಅಂತಾರೆ. ಒಂದು ಊರಿನ ಗಿರಾಕಿಗಲ್ಲ, ಇಡೀ ಸೀಮೆಗೆ ಕಟ್ಟಿದ್ದು. ಸೀಮೆ ಅಂದ್ರೆ ಯಾರು? ಗಡಿ ದಾಟಿ ಕೆನಡಾದಿಂದ ಟೂರ್ ಬಸ್ಸುಗಳು ಬರುತ್ತಿದ್ದವು. ಅವು ಮಾಲ್‌ನ ಜಾಗದೊಳಗೇ ಹೋಗಿ ನಿಂತು ಜನರನ್ನು ಇಳಿಸುತ್ತಿದ್ದವು. ಪೂರ್ವ ಬಫಲೋದ ಕಪ್ಪು ಜನ ಹತ್ತುವ 6ನೇ ನಂಬರಿನ ಸರ್ಕಾರಿ ಬಸ್ಸು ಮಾತ್ರ ಒಳಗೆ ಹೋಗುವ ಹಾಗಿರಲಿಲ್ಲ. ಅದು ಆಚೆ, ವಾಲ್ಡನ್ ಅವೆನ್ಯೂ ಅನ್ನೋ ಏಳು ಲೇನ್‌ಗಳ ರಸ್ತೆ ಪಕ್ಕ ನಿಲ್ಲಬೇಕು. ಅಲ್ಲಿಳಿದವರು ರಸ್ತೆ ದಾಟಿಕೊಂಡು ಬರಬೇಕು.

ಸಿಂಥಿಯಾ ವಿಗ್ಗಿನ್ಸ್ ದಿನಾ ಹಾಗೇ ದಾಟುತ್ತಿದ್ದಳು. 17 ವರ್ಷದ ಕಪ್ಪು ಹುಡುಗಿ, ಮನೆಯಲ್ಲಿ ಕೆಲವೇ ತಿಂಗಳ ಕೂಸು. ಮಾಲ್‌ನ ಫುಡ್ ಕೋರ್ಟಿನಲ್ಲಿ ಕೆಲಸ. ಗಮನಿಸಿ, ಅವಳು ಅಲ್ಲಿಗೆ ಅಡ್ಡಾಡಲು ಹೋದವಳಲ್ಲ. ಆ ಮಾಲ್‌ಗೆ ಅವಳ ಕೈ ಬೇಕಿತ್ತು, ಅವಳು ಬರುವ ಬಸ್ಸು ಬೇಡವಾಗಿತ್ತು. 1995ರ ಡಿಸೆಂಬರ್ 14, ಚಳಿಗಾಲ, ರಸ್ತೆ ಬದಿಯಲ್ಲಿ ಹಿಮದ ಗುಡ್ಡೆ. ಅರ್ಧ ರಸ್ತೆ ದಾಟುವಷ್ಟರಲ್ಲಿ ಸಿಗ್ನಲ್ ಬದಲಾಯ್ತು. ಟಿಪ್ಪರ್ ಲಾರಿ ಅವಳ ಮೇಲೆ ಹರಿಯಿತು. 1996ರ ಜನವರಿ 2ರಂದು ತೀರಿಕೊಂಡಳು.

ಲೆಕ್ಕ ಹಾಕಿ. ಮಾಂಟ್ಗೊಮರಿಯಲ್ಲಿ ರೋಸಾ ಪಾರ್ಕ್ಸ್ ಬಸ್ಸಿನ ಸೀಟು ಬಿಟ್ಟೇಳಲು ಒಪ್ಪದಿದ್ದದ್ದು 1955ರ ಡಿಸೆಂಬರ್ 1. ಸರಿಯಾಗಿ 40 ವರ್ಷದ ಮೇಲೆ 13 ದಿನ. ಬಸ್ಸಿನೊಳಗೆ ಎಲ್ಲಿ ಬೇಕಾದರೂ ಕೂರುವ ಹಕ್ಕು ಬಂದಿತ್ತು. ಆ ಬಸ್ಸು ಎಲ್ಲಿ ನಿಲ್ಲಬೇಕು ಅಂತ ತೀರ್ಮಾನಿಸುವವರು ಬೇರೆಯವರಾಗಿದ್ದರು.

ಕಂಪನಿ ಹೇಳಿದ್ದೇನು? ನಮ್ಮಲ್ಲಿ ವರ್ಣಭೇದ ಇಲ್ಲ ಅಂತ. ಹೌದು, "ಕಪ್ಪು ಜನರಿಗೆ ಪ್ರವೇಶವಿಲ್ಲ" ಅಂತ ಯಾವ ಬೋರ್ಡೂ ಇರಲಿಲ್ಲ. ನಾನು ಗುಮಾಸ್ತ, ಟಿಪ್ಪಣಿ ಹಾಳೆ ಬರೆದು ಬರೆದು ಬೆರಳು ಸವೆಸಿಕೊಂಡವನು. ಯಾವ ಕಡತದಲ್ಲೂ "ಇಂಥ ಕೇರಿಯವರಿಗೆ ಕೊಡತಕ್ಕದ್ದಲ್ಲ" ಅಂತ ಬರೆಯಲ್ಲ. "ಸ್ಥಳಾವಕಾಶ ಇರುವುದಿಲ್ಲ", "ಸಂಚಾರ ದಟ್ಟಣೆ ಕಾರಣ", "ಪರಿಶೀಲಿಸಿ ಮಂಡಿಸಿ". ಅಷ್ಟೇ. ಅಕ್ಷರದಲ್ಲಿ ಜಾತಿ ಇರಲ್ಲ, ಆದೇಶ ಯಾರ ಮನೆ ಮುಂದೆ ಹೋಗಿ ನಿಲ್ಲುತ್ತೆ ನೋಡಿ, ಅಲ್ಲಿರುತ್ತೆ. ಬಸ್ ಸ್ಟಾಪು ಎಲ್ಲಿ ಅನ್ನೋದೂ ಅಂಥದ್ದೇ ಒಂದು ಆದೇಶ. ಆ ಬಸ್ಸಲ್ಲಿ ಯಾರು ಬರ್ತಾರೆ ಅಂತ ಎಲ್ಲರಿಗೂ ಗೊತ್ತಿತ್ತು.

ಇನ್ನೊಂದು ವಾದ ಇದೆ, ಅದು ಇನ್ನೂ ಹಳೇದು. "ಅದು ಖಾಸಗಿ ಜಾಗ, ಮಾಲೀಕರ ಇಷ್ಟ." ಕೇಳಿದ ಹಾಗಿದೆಯಾ? 1927ರಲ್ಲಿ ಮಹಾಡ್‌ನ ಚವದಾರ್ ಕೆರೆಯ ನೀರನ್ನು ಬಾಬಾಸಾಹೇಬರು ಮುಟ್ಟಿದ ಮೇಲೆ ಅಲ್ಲಿನ ಸವರ್ಣೀಯರು ಕೋರ್ಟಿಗೆ ಹೋಗಿ ಹೇಳಿದ್ದು ಇದನ್ನೇ. ಕೆರೆ ಸಾರ್ವಜನಿಕರದ್ದಲ್ಲ, ಖಾಸಗಿ ಸ್ವತ್ತು ಅಂತ. ಅದು ಸುಳ್ಳು ಅಂತ ಬಾಂಬೆ ಹೈಕೋರ್ಟಿನಲ್ಲಿ ಇತ್ಯರ್ಥ ಆಗೋಕೆ 1937 ಬರಬೇಕಾಯ್ತು. ಸಂವಿಧಾನದ 15(2)ನೇ ವಿಧಿಯಲ್ಲಿ ಅಂಗಡಿ, ಹೋಟೆಲು, ಮನರಂಜನೆಯ ಸ್ಥಳ ಅಂತ ಹೆಸರು ಹಿಡಿದು ಬರೆದಿರೋದು ಸುಮ್ಮನೆ ಅಂದ್ಕೊಂಡ್ರಾ? ಅಂಗಡಿಯೂ ಖಾಸಗಿಯೇ ತಾನೇ! ಖಾಸಗಿ ಅನ್ನೋ ಪದದ ಹಿಂದೆ ಏನು ಬಚ್ಚಿಡ್ತಾರೆ ಅಂತ ಅದನ್ನು ಬರೆದವರಿಗೆ ಗೊತ್ತಿತ್ತು.

ಬಫಲೋದಲ್ಲಿ ಕಪ್ಪು ಜನ ಸುಮ್ಮನಿರಲಿಲ್ಲ. ಮಾಲ್ ಬಹಿಷ್ಕಾರ ಮಾಡ್ತೀವಿ ಅಂದರು. ವರ್ಷಗಟ್ಟಲೆ ಆಗದಿದ್ದ ಕೆಲಸ ಅವಳು ಸತ್ತ ಮೇಲೆ ಕೆಲವೇ ವಾರಗಳಲ್ಲಿ ಆಗಿಹೋಯ್ತು, ಬಸ್ಸು ಮಾಲ್ ಜಾಗದೊಳಗೆ ಬಂತು. ಅಂದ್ರೆ ಜಾಗದ ಅಭಾವ ಯಾವತ್ತೂ ಇರಲೇ ಇಲ್ಲ. ಕುಟುಂಬದ ಪರವಾಗಿ ವಕೀಲ ಜಾನಿ ಕಾಕ್ರನ್ ಕೇಸು ನಡೆಸಿದರು. 1999ರಲ್ಲಿ ವಿಚಾರಣೆ ನಡೆಯುತ್ತಿರುವಾಗಲೇ 25.5 ಲಕ್ಷ ಡಾಲರಿಗೆ ರಾಜಿ ಆಯ್ತು. ಮಾಲ್ ಕಂಪನಿ 20 ಲಕ್ಷ, ಸಾರಿಗೆ ಪ್ರಾಧಿಕಾರ 3 ಲಕ್ಷ, ಉಳಿದದ್ದು ಲಾರಿ ಚಾಲಕನ ಕಡೆಯಿಂದ. ಸಾರಿಗೆ ಪ್ರಾಧಿಕಾರದ ಪಾಲನ್ನು ಮರೀಬೇಡಿ. ಜನರ ದುಡ್ಡಲ್ಲಿ ಓಡೋ ಸರ್ಕಾರಿ ಬಸ್ಸು ಅಷ್ಟು ವರ್ಷ ಖಾಸಗಿಯವರ ಮಾತಿಗೆ ತಲೆಬಾಗಿ ರಸ್ತೇಲೇ ನಿಂತಿತ್ತು. ಕಂಪನಿಗಳನ್ನು ಬೈಯೋದು ಸುಲಭ, ಸಹಿ ಹಾಕಿದ ಇಲಾಖೆಯನ್ನು ಯಾರು ಕೇಳ್ತಾರೆ?

2024ರ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲ್‌ನಲ್ಲಿ ಪಂಚೆ ಉಟ್ಟ ರೈತರೊಬ್ಬರನ್ನು ಒಳಗೆ ಬಿಡದಿದ್ದಾಗ ರಾಜ್ಯವೇ ಎದ್ದು ನಿಂತಿತು, ಸರ್ಕಾರ 7 ದಿನ ಮಾಲ್ ಮುಚ್ಚಿಸಿತು. ಒಳ್ಳೆಯದಾಯ್ತು. ಆದರೆ ಅಲ್ಲಿ ಸಿಕ್ಕಿಬಿದ್ದದ್ದು ಸೆಕ್ಯುರಿಟಿಯವನು ಬಾಯಿ ಬಿಟ್ಟದ್ದಕ್ಕೆ, ಯಾರೋ ವಿಡಿಯೊ ಮಾಡಿದ್ದಕ್ಕೆ. ನಕ್ಷೆಯಲ್ಲಿ ಗೆರೆ ಎಳೆದು ದೂರ ಇಟ್ಟರೆ ಯಾರೂ ಬಾಯಿ ಬಿಡಬೇಕಾಗಿಲ್ಲ, ವಿಡಿಯೊ ಮಾಡಲಿಕ್ಕೂ ಏನೂ ಸಿಗಲ್ಲ.

ಹಾಗಾಗಿ ಒಂದು ಕೆಲಸ ಹೇಳ್ತೀನಿ. ನಿಮ್ಮೂರಿನ ಮಾಲ್‌ನ ಕಟ್ಟಡ ನಕ್ಷೆ, ಮಂಜೂರಾತಿ ಆದೇಶ, ಬಸ್ ನಿಲುಗಡೆ ಬಗ್ಗೆ ನಡೆದ ಪತ್ರ ವ್ಯವಹಾರದ ನಕಲು ಕೇಳಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ನಮೂನೆ 'ಎ', 10 ರೂಪಾಯಿ ಪೋಸ್ಟಲ್ ಆರ್ಡರ್, ಒಂದೇ ವಿಷಯ, 150 ಪದ ಮೀರಬಾರದು. ಹೌಸ್‌ಕೀಪಿಂಗ್‌ನ ಅಕ್ಕಂದಿರು ರಾತ್ರಿ ಕೆಲಸ ಮುಗಿಸಿ ಯಾವ ಗೇಟಿನಿಂದ ಹೊರಗೆ ಬಂದು ಎಷ್ಟು ದೂರ ನಡೀತಾರೆ ಅಂತ ಅರ್ಜಿ ಹಾಕುವ ಮೊದಲು ಒಂದು ದಿನ ನಿಂತು ನೋಡಿ. ಅರ್ಜಿ ಬರೆಯೋಕೆ ಬರದಿದ್ರೆ ಇನ್‌ಬಾಕ್ಸಿಗೆ ಬನ್ನಿ, ಭಾನುವಾರ ಕೂತು ಬರೆದುಕೊಡ್ತೀನಿ.