ಯಾರ ತಕ್ಕಡಿ?



1996ರ ನವೆಂಬರ್ 23ರಂದು ಬೆಂಗಳೂರಿನಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆಯಿತು. ರೈತರೂ ಮಹಿಳಾ ಸಂಘಟನೆಗಳೂ ವಿರೋಧಿಸಿದ್ದರಿಂದ ಈಜುಡುಗೆಯ ಸುತ್ತು ಸೇಶೆಲ್ಸ್ ದ್ವೀಪಕ್ಕೆ ಹೋಯಿತು. ಕಿರೀಟ ಗ್ರೀಸ್ ದೇಶದ ಯುವತಿಗೆ ಸಿಕ್ಕಿತು.

ನಮ್ಮ ಸೊಲ್ಲಾಪುರದ ತಾಯಂದಿರು ಬೀಡಿ ಸುತ್ತಿ ಮಕ್ಕಳನ್ನು ಸಾಕಿದವರು. ಆ ಬೆರಳುಗಳಿಗೆ ಯಾರೂ ಅಂಕ ಕೊಡಲಿಲ್ಲ. ಆದರೂ ಒಗ್ಗಟ್ಟಿನಿಂದ ಹೋರಾಡಿ, 2006ರಲ್ಲಿ ಅಕ್ಕಲಕೋಟೆ ರಸ್ತೆಯ ಕುಂಭಾರಿಯಲ್ಲಿ 10,000 ಮನೆಗಳನ್ನು ಪಡೆದರು.

ಸ್ಪರ್ಧೆಗೆ ನಿಂತ ಹುಡುಗಿಯರನ್ನು ನಾವು ಹಳಿಯುವುದಿಲ್ಲ. ಹೆಣ್ಣುಮಕ್ಕಳ ಉಡುಪಿಗೆ ಕಟ್ಟಳೆ ಹಾಕುವವರನ್ನೂ ಒಪ್ಪುವುದಿಲ್ಲ. ಹೆಣ್ಣನ್ನು ಅಳೆದು ಬೆಲೆ ಕಟ್ಟುವ ತಕ್ಕಡಿಯೇ ತಪ್ಪು. ಹೆಣ್ಣು ನೋಡಲು ಹೋಗಿ, ಬಣ್ಣ ಕಪ್ಪೆಂದು ವರದಕ್ಷಿಣೆ ಏರಿಸುವ ನಮ್ಮ ಕೈಯಲ್ಲಿರುವುದೂ ಅದೇ ತಕ್ಕಡಿಯಲ್ಲವೇ? ಮೊದಲು ಅದನ್ನು ನಮ್ಮ ಮನೆಯಿಂದ ಹೊರಗೆ ಹಾಕೋಣ.