ಕೊಟ್ಟದ್ದೇ ಮರಳುವ ಚೆಂಡು

ಬಲವುಳ್ಳವನೇ ಗೆಲ್ಲುತ್ತಾನೆಂಬ ಮಾತು ಎಲ್ಲ ಆಟಗಳಿಗೂ ಸಲ್ಲುವುದಿಲ್ಲ. ಟೇಬಲ್ ಟೆನ್ನಿಸ್ ಮೇಜಿನ ಮುಂದೆ ಹದಿನೆಂಟರ ತರುಣನೊಬ್ಬ ಐವತ್ತು ದಾಟಿದ ಗುಮಾಸ್ತರೊಬ್ಬರಿಗೆ ಸೋತು ಬೆವರೊರೆಸಿಕೊಳ್ಳುತ್ತ ನಿಲ್ಲುವುದು ಅಪರೂಪದ ನೋಟವೇನಲ್ಲ. ತರುಣ ಓಡಿದ್ದಾನೆ, ಹಾರಿದ್ದಾನೆ, ತೋಳು ಸೋಲುವವರೆಗೆ ಬೀಸಿದ್ದಾನೆ. ಹಿರಿಯರಾದರೋ ನಿಂತ ಎಡೆಯಿಂದ ಎರಡು ಹೆಜ್ಜೆಗಿಂತ ಹೆಚ್ಚು ಕದಲಿಲ್ಲ. ಅವರ ಬ್ಯಾಟನ್ನು ತಿರುಗಿಸಿ ನೋಡಿದರೆ ಗುಟ್ಟು ಹೊರಬೀಳುತ್ತದೆ. ಅದರ ಒಂದು ಮೈ ನುಣುಪು. ಇನ್ನೊಂದು ಮೈಯ ತುಂಬ ಎಳೆಯ ಮುಳ್ಳುಗಳಂತೆ ನಿಂತ ಸಣ್ಣ ಸಣ್ಣ ರಬ್ಬರು ಗುಬುಟುಗಳು. ಆಟಗಾರರು ಇದನ್ನು ‘ಲಾಂಗ್ ಪಿಂಪಲ್ಸ್’ ಎನ್ನುತ್ತಾರೆ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಂಥ ಊರುಗಳ ಮಕ್ಕಳಿಗೆ ಈ ಗುಟ್ಟನ್ನು ತಿಳಿಯುವ ಅಗತ್ಯ ಬೆಂಗಳೂರಿನ ಮಕ್ಕಳಿಗಿಂತ ಹೆಚ್ಚು. ದೊಡ್ಡ ನಗರದ ಕ್ಲಬ್ಬುಗಳಲ್ಲಿ ಬಗೆಬಗೆಯ ಬ್ಯಾಟುಗಳು ಎದುರಾಗುತ್ತವೆ. ಸಣ್ಣ ಊರಿನಲ್ಲಿ ಸಿಗುವುದು ಒಂದು ಮೇಜು, ನಾಲ್ವರು ಗೆಳೆಯರು. ಎಲ್ಲರ ಕೈಯಲ್ಲೂ ನುಣುಪು ರಬ್ಬರೇ. ವರ್ಷವಿಡೀ ಅವರೊಡನೆ ಆಡಿ ಗೆದ್ದ ಹುಡುಗ ಮಾಲೂರಿನಲ್ಲಿ ರೈಲು ಹತ್ತಿ ಬೆಂಗಳೂರಿನ ಪಂದ್ಯಾವಳಿಗೆ ಬರುತ್ತಾನೆ. ಮೊದಲ ಸುತ್ತಿನಲ್ಲೇ ಇಂಥ ಬ್ಯಾಟು ಎದುರಾಗುತ್ತದೆ. ಅರ್ಧ ಗಂಟೆಯಲ್ಲಿ ಮತ್ತೆ ಸ್ಟೇಷನ್ನಿನ ದಾರಿ ಹಿಡಿಯಬೇಕಾಗುತ್ತದೆ. ‘ಇದು ಆಟವಲ್ಲ, ಬರೀ ಮೋಸ’ ಎಂದು ಹುಡುಗನೂ ಅವನೊಡನೆ ಬಂದ ತಂದೆಯೂ ತೀರ್ಮಾನಿಸಿಬಿಡುತ್ತಾರೆ. ಸೋಲಿಗಿಂತಲೂ ಈ ತೀರ್ಮಾನವೇ ದೊಡ್ಡ ನಷ್ಟ. ಏಕೆಂದರೆ, ಮೋಸವೆಂದು ತಿಳಿದದ್ದನ್ನು ಎದುರಿಸುವ ಅಭ್ಯಾಸವನ್ನು ಯಾರೂ ಮಾಡುವುದಿಲ್ಲ.

ಹಾಗಾದರೆ ಆ ಗುಬುಟುಗಳು ಮಾಡುವುದೇನು? ನುಣುಪು ರಬ್ಬರು ಚೆಂಡನ್ನು ಕಚ್ಚಿ ಹಿಡಿಯುತ್ತದೆ. ಬಂದ ಸ್ಪಿನ್ನನ್ನು ಅಡಗಿಸಿ ತನ್ನ ಸ್ಪಿನ್ನನ್ನು ಕೊಡುತ್ತದೆ. ಉದ್ದ ಗುಬುಟುಗಳಾದರೋ ಚೆಂಡು ತಗಲಿದೊಡನೆ ಬಾಗುತ್ತವೆ, ಹಿಡಿತ ಕೊಡದೆ ಜಾರಿಸುತ್ತವೆ. ಚೆಂಡು ಸಾಗುವ ದಿಕ್ಕು ಬದಲಾಗುತ್ತದೆ. ಅದು ಸುತ್ತುವ ದಿಕ್ಕು ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಮುಂದಕ್ಕೆ ಉರುಳುತ್ತಿರುವ ಚಕ್ರವನ್ನು, ಅದರ ಸುತ್ತು ನಿಲ್ಲಿಸದೆ, ಹಾಗೆಯೇ ಹಿಂದಕ್ಕೆ ತಳ್ಳಿದಂತೆ. ಆದುದರಿಂದ ಟಾಪ್ ಸ್ಪಿನ್ ಕೊಟ್ಟು ಕಳುಹಿಸಿದ ಚೆಂಡು ಬ್ಯಾಕ್ ಸ್ಪಿನ್ ಹೊತ್ತು ಬರುತ್ತದೆ. ಬ್ಯಾಕ್ ಸ್ಪಿನ್ ಕೊಟ್ಟು ತಳ್ಳಿದ್ದು ಹಗುರವಾದ ಟಾಪ್ ಸ್ಪಿನ್ ಆಗಿ ಬರುತ್ತದೆ. ಏನೂ ಕೊಡದೆ ಕಳುಹಿಸಿದ್ದು ಏನೂ ಇಲ್ಲದೆ, ತೇಲುತ್ತ, ತುಸು ಓಲಾಡುತ್ತ ಬರುತ್ತದೆ. ಮುಳಬಾಗಿಲಿನ ಬಂಡೆಬೆಟ್ಟಗಳ ಎದುರು ನಿಂತು ಕೂಗಿದವನಿಗೆ ತನ್ನ ದನಿಯೇ ಮಾರ್ದನಿಯಾಗಿ ಕೇಳಿಸುತ್ತದೆ. ಬೆಟ್ಟ ತನ್ನದಾಗಿ ಒಂದು ಮಾತನ್ನೂ ಆಡುವುದಿಲ್ಲ. ಈ ಬ್ಯಾಟಿನ ಸ್ವಭಾವವೂ ಅದೇ.

ಇಷ್ಟು ತಿಳಿದರೆ ತರುಣನ ಸೋಲಿನ ಕಾರಣ ಸ್ಪಷ್ಟವಾಗುತ್ತದೆ. ಅವನು ಬಲವಾಗಿ ಟಾಪ್ ಸ್ಪಿನ್ ಬೀಸಿದ. ಅದಕ್ಕೆ ಅನುಗುಣವಾಗಿ ಭಾರವಾದ ಬ್ಯಾಕ್ ಸ್ಪಿನ್ ಮರಳಿ ಬಂತು. ಅವನು ಮತ್ತೂ ಬಲವಾಗಿ ಬೀಸಿದ. ಚೆಂಡು ನೆಟ್ಟಿಗೆ ಬಡಿಯಿತು. ಹೆದರಿ ಮೆಲ್ಲನೆ ಪುಷ್ ಮಾಡಿದ. ಹಿರಿಯರು ಚಾಪ್ ಮಾಡುವವರಂತೆಯೇ ಕೈಯನ್ನು ಕೆಳಗೆ ಎಳೆದರು. ಬ್ಯಾಕ್ ಸ್ಪಿನ್ ಬಂತೆಂದು ಭ್ರಮಿಸಿ ಅವನು ಬ್ಯಾಟನ್ನು ಮೇಲ್ಮುಖ ಮಾಡಿ ಮತ್ತೊಮ್ಮೆ ತಳ್ಳಿದ, ಚೆಂಡು ಗಾಳಿಗೇರಿತು, ಅದನ್ನು ಹೊಡೆದು ಮುಗಿಸುವುದು ಮಗುವಿಗೂ ಸಾಧ್ಯ. ಎರಡು ಬಾರಿಯೂ ಅವನನ್ನು ಸೋಲಿಸಿದ್ದು ಅವನದೇ ಸ್ಪಿನ್ನು.

ಬ್ಯಾಟಿನ ರಬ್ಬರು ಆಟದ ಗತಿಯನ್ನೇ ಬದಲಾಯಿಸಿದ ಪ್ರಸಂಗಕ್ಕೆ ನಮ್ಮ ದೇಶವೇ ಸಾಕ್ಷಿಯಾಗಿದೆ. ೧೯೫೨ರಲ್ಲಿ ಬೊಂಬಾಯಿಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜಪಾನಿನ ಹಿರೋಜಿ ಸಾಟೊ ದಪ್ಪ ಸ್ಪಂಜು ಅಂಟಿಸಿದ ಬ್ಯಾಟಿನೊಡನೆ ಬಂದು ಪುರುಷರ ಸಿಂಗಲ್ಸ್ ಪ್ರಶಸ್ತಿಯನ್ನು ಗೆದ್ದರು. ಚೆಂಡು ತಗಲಿದ ಸದ್ದೇ ಸರಿಯಾಗಿ ಕೇಳಿಸದೆ ಎದುರಾಳಿಗಳು ತಬ್ಬಿಬ್ಬಾದರು. ಮುಂದೆ ಒಂದು ಮೈಗೆ ನುಣುಪು, ಇನ್ನೊಂದಕ್ಕೆ ಉದ್ದ ಗುಬುಟಿನ ರಬ್ಬರನ್ನು ಒಂದೇ ಬಣ್ಣದಲ್ಲಿ ಅಂಟಿಸಿ, ಆಟದ ನಡುವೆಯೇ ಬ್ಯಾಟನ್ನು ಬೆರಳುಗಳಲ್ಲಿ ತಿರುಗಿಸಿ ಹೊಡೆಯುವ ಕಾಲ ಬಂತು. ಯಾವ ಮೈ ತಗಲಿತೆಂಬುದನ್ನು ಸದ್ದಿನಿಂದ ಊಹಿಸುವವರನ್ನು ವಂಚಿಸಲು ಸರ್ವಿಸ್ ಮಾಡುವಾಗ ನೆಲಕ್ಕೆ ಕಾಲನ್ನು ಅಪ್ಪಳಿಸುವವರೂ ಇದ್ದರು. ಅಂದು ಮೋಸವೆಂಬ ಕೂಗಿಗೆ ಅರ್ಥವಿತ್ತು. ೧೯೮೬ರಿಂದ ಒಂದು ಮೈ ಕೆಂಪು, ಇನ್ನೊಂದು ಕಪ್ಪು ಇರಲೇಬೇಕೆಂದಾಯಿತು. ೨೦೨೧ರ ಅಕ್ಟೋಬರಿನಿಂದ ಕೆಂಪಿಗೆ ಬದಲಾಗಿ ಹಸಿರು, ನೀಲಿ ಮುಂತಾದ ಬಣ್ಣಗಳಿಗೂ ಅನುಮತಿಯಿದೆ. ಕಪ್ಪು ಮಾತ್ರ ಕಡ್ಡಾಯ. ಕೊಂಚವೂ ಹಿಡಿತವಿಲ್ಲದ ಗುಬುಟಿನ ರಬ್ಬರುಗಳನ್ನು ೨೦೦೮ರ ಜುಲೈಯಿಂದ ಬಹಿಷ್ಕರಿಸಲಾಯಿತು. ಗುಬುಟಿನ ಉದ್ದವು ಅದರ ಅಗಲದ ೧.೧ ಪಟ್ಟನ್ನು ಮೀರಕೂಡದೆಂಬ ಮಿತಿಯೂ ಉಂಟು. ಇಂದು ಮರೆಮಾಚಿರುವುದು ಏನೂ ಇಲ್ಲ. ಇರುವುದೆಲ್ಲ ಕಣ್ಣೆದುರಿಗೇ ಇದೆ.

ಆದ್ದರಿಂದ ಮೊದಲ ಉಪಾಯ ಕಣ್ಣಿನದು. ಪಂದ್ಯಕ್ಕೆ ಮೊದಲು ಎದುರಾಳಿಯ ಬ್ಯಾಟನ್ನು ಕೈಯಲ್ಲಿ ಹಿಡಿದು ಪರೀಕ್ಷಿಸುವ ಹಕ್ಕನ್ನು ನಿಯಮವೇ ಕೊಟ್ಟಿದೆ. ಸಂಕೋಚದಿಂದ ಅದನ್ನು ಬಿಡಬಾರದು. ಗುಬುಟು ಯಾವ ಬಣ್ಣದ್ದೆಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕು. ಆಟ ಮೊದಲಾದ ಮೇಲೆ ಎದುರಾಳಿಯ ಕೈಬೀಸನ್ನು ನಂಬದೆ, ಚೆಂಡಿಗೆ ತಗಲಿದ ಬಣ್ಣವನ್ನು ನೋಡಬೇಕು. ಶ್ರೀನಿವಾಸಪುರದ ಮಂಡಿಯಲ್ಲಿ ಮಾವು ಕೊಳ್ಳುವವನು ಮಾರುವವನ ಮಾತಿಗೆ ಮರುಳಾಗದೆ ಹಣ್ಣನ್ನೇ ನೋಡುವಂತೆ.

ಎರಡನೆಯದು ನೆನಪಿನ ಉಪಾಯ. ಪ್ರತಿಯೊಂದು ಹೊಡೆತದ ಅನಂತರ ‘ಈಗ ಕಳುಹಿಸಿದ್ದು ಏನು?’ ಎಂಬ ಪ್ರಶ್ನೆಗೆ ಒಳಗೇ ಉತ್ತರ ಸಿದ್ಧವಾಗಿರಬೇಕು. ಟಾಪ್ ಸ್ಪಿನ್ ಕಳುಹಿಸಿದ್ದರೆ ಬರುವ ಚೆಂಡು ಭಾರವೆಂದು ತಿಳಿದು ಪುಷ್ ಮಾಡಬೇಕು. ಇಲ್ಲವೆ ಮೊಣಕಾಲು ಬಗ್ಗಿಸಿ, ಚೆಂಡನ್ನು ಕೆಳಗಿನಿಂದ ಮೇಲಕ್ಕೆ ಸವರಿ ಎತ್ತಬೇಕು. ಪುಷ್ ಕಳುಹಿಸಿದ್ದರೆ ಬರುವ ಚೆಂಡಿನಲ್ಲಿ ಹೆಚ್ಚಿನ ಭಾರವಿರದು. ಬ್ಯಾಟನ್ನು ತುಸು ಮುಚ್ಚಿ ನೇರವಾಗಿ ಮುಂದಕ್ಕೆ ಹೊಡೆಯಬಹುದು. ಒಂದು ಪುಷ್, ಅದರ ಹಿಂದೆ ಒಂದು ಹೊಡೆತ, ಮತ್ತೆ ಒಂದು ಪುಷ್. ಒಂದೇ ಸಮನೆ ಬೀಸುವವನಿಗಿಂತ ಹೀಗೆ ಏರಿಳಿತ ಅರಿತು ಆಡುವವನಿಗೆ ಈ ಬ್ಯಾಟು ಬೇಗ ಮಣಿಯುತ್ತದೆ.

ಸರ್ವಿಸ್‌ನಲ್ಲಿ ಜಾಣತನಕ್ಕಿಂತ ಸರಳತೆ ಲೇಸು. ಗೆಳೆಯರನ್ನೆಲ್ಲ ಬೆರಗುಗೊಳಿಸಿದ ಸ್ಪಿನ್ ಸರ್ವಿಸನ್ನು ಗುಬುಟಿನ ಮೇಲೆ ಪ್ರಯೋಗಿಸಿದವನು ಎದುರಾಳಿಯ ಕೈಗೆ ತಾನೇ ಆಯುಧ ಕೊಟ್ಟಂತೆ. ಸ್ಪಿನ್ನಿಲ್ಲದ ಉದ್ದನೆಯ ಸರ್ವಿಸನ್ನು ಗುಬುಟಿನ ಕಡೆಗೇ ಕಳುಹಿಸಿದರೆ ಅವನಿಗೆ ಬಳಸಿಕೊಳ್ಳಲು ಏನೂ ಸಿಗದು. ಮರಳುವ ಚೆಂಡೂ ನಿರ್ಜೀವವಾಗಿರುತ್ತದೆ, ಅದರ ಮೇಲೆ ದಾಳಿ ಸುಲಭ. ಗುಬುಟಿನ ರಬ್ಬರು ಸಾಮಾನ್ಯವಾಗಿ ಬ್ಯಾಕ್‌ಹ್ಯಾಂಡ್ ಕಡೆಗಿರುವುದರಿಂದ, ಆಗಾಗ ಫೋರ್‌ಹ್ಯಾಂಡಿನ ಮೂಲೆಗೂ ಎದುರಾಳಿಯ ಮೊಣಕೈಯ ನೇರಕ್ಕೂ ಚೆಂಡನ್ನು ಕಳುಹಿಸಿ ಅವನನ್ನು ಕದಲಿಸಬೇಕು.

ಮರೆಯಬಾರದ ಇನ್ನೊಂದು ಅಂಶ ಕಾಲಿನದು. ಗುಬುಟಿನಿಂದ ಬರುವ ಚೆಂಡು ನಿಧಾನ; ಮೇಜಿನ ಸಮೀಪದಲ್ಲಿ ಬ್ಲಾಕ್ ಮಾಡಿದ್ದಾದರೆ ನೆಟ್ಟಿನ ಹತ್ತಿರವೇ ಬಿದ್ದು ಉಸಿರುಗಟ್ಟಿದಂತೆ ನಿಲ್ಲುತ್ತದೆ. ದೂರದಲ್ಲಿ ನಿಂತು ತೋಳು ಚಾಚಿದವನು ಕೆಟ್ಟ. ಚೆಂಡು ತನ್ನ ಬಳಿಗೆ ಬರಲೆಂದು ಕಾಯದೆ ತಾನೇ ಅದರ ಬಳಿಗೆ ಹೋಗಬೇಕು. ನೋಡಲು ಸುಲಭವೆನಿಸುವ ಈ ನಿಧಾನದ ಚೆಂಡೇ ಅವಸರದವನ ತಾಳ್ಮೆಯನ್ನು ಕದಿಯುತ್ತದೆ.

ಇವೆಲ್ಲ ಓದಿನಿಂದ ಬರುವುವಲ್ಲ. ನಾಲ್ವರು ಗೆಳೆಯರಲ್ಲಿ ಒಬ್ಬನ ಬಳಿಯಾದರೂ ಅಂಥ ರಬ್ಬರು ಅಂಟಿಸಿದ ಹಳೆಯ ಬ್ಯಾಟೊಂದು ಇದ್ದರೆ ಸಾಕು. ಸರದಿಯಂತೆ ಒಬ್ಬೊಬ್ಬರು ಅದನ್ನು ಹಿಡಿಯಲಿ, ಉಳಿದವರು ಒಂದು ಪುಷ್, ಒಂದು ಹೊಡೆತದ ಕ್ರಮವನ್ನು ಲೆಕ್ಕ ತಪ್ಪದೆ ಸಾಧಿಸಲಿ. ಆ ಬ್ಯಾಟನ್ನು ತಾನೇ ಹಿಡಿದು ನೋಡಿದವನಿಗೆ ಅದರ ದೌರ್ಬಲ್ಯವೂ ತಿಳಿಯುತ್ತದೆ: ಎದುರಾಳಿ ಏನೂ ಕೊಡದಿದ್ದಾಗ ಅದು ಬಡವ. ಮಗನಿಗೆ ಬೆಲೆಬಾಳುವ ಹೊಸ ಬ್ಯಾಟು ಕೊಡಿಸಿದರೆ ಸೋಲು ತಪ್ಪೀತೆಂದು ಯೋಚಿಸುವ ತಂದೆ ಆ ಹಣದ ಒಂದಂಶವನ್ನು ಇದಕ್ಕೆ ವೆಚ್ಚ ಮಾಡಿದರೆ ಲಾಭ ಹೆಚ್ಚು.

ಉದ್ದ ಗುಬುಟಿನ ಆಟ ಕೀಳೆಂಬ ಭಾವನೆಗೂ ಈಗ ಆಧಾರವಿಲ್ಲ. ದಿಲ್ಲಿಯ ಮಣಿಕಾ ಬಾತ್ರಾ ಬ್ಯಾಕ್‌ಹ್ಯಾಂಡಿನಲ್ಲಿ ಇದೇ ರಬ್ಬರನ್ನು ಹಿಡಿದು ೨೦೧೮ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಮಹಿಳೆಯರ ಸಿಂಗಲ್ಸ್ ಚಿನ್ನವನ್ನು ಗೆದ್ದರು. ಸಿಂಗಪುರದ ಫೆಂಗ್ ಟಿಯಾನ್ವೆಯಂಥ ಒಲಿಂಪಿಕ್ ಪದಕ ವಿಜೇತೆ ಅಲ್ಲಿ ಅವರಿಗೆ ಮಣಿದರು. ಅವರ ಜೊತೆಗೂಡಿ ೨೦೨೧ರಲ್ಲಿ ಸ್ಲೊವೇನಿಯಾದ ಲಾಷ್ಕೊದಲ್ಲಿ ಡಬಲ್ಸ್ ಪ್ರಶಸ್ತಿಯನ್ನು ಗೆದ್ದವರು ಬೆಂಗಳೂರಿನ ಅರ್ಚನಾ ಕಾಮತ್. ೨೦೨೪ರ ಫೆಬ್ರವರಿಯಲ್ಲಿ ಬೂಸಾನ್‌ನ ವಿಶ್ವ ತಂಡ ಚಾಂಪಿಯನ್‌ಷಿಪ್‌ನಲ್ಲಿ ಅಂದಿನ ವಿಶ್ವದ ಮೊದಲ ಶ್ರೇಯಾಂಕದ ಸುನ್ ಯಿಂಗ್‌ಷಾ ಅವರನ್ನು ಐಹಿಕಾ ಮುಖರ್ಜಿ ಸೋಲಿಸಿದರು. ಅವರದು ಗುಬುಟಿಲ್ಲದಿದ್ದರೂ ಚೆಂಡಿಗೆ ಹಿಡಿತ ಕೊಡದ ಬೇರೊಂದು ಬಗೆಯ ರಬ್ಬರು. ತತ್ತ್ವ ಮಾತ್ರ ಇದಕ್ಕೆ ಹತ್ತಿರದ್ದು. ಜಗತ್ತಿನ ಅಗ್ರಗಣ್ಯ ಆಟಗಾರ್ತಿಯೂ ತಾನು ಕಳುಹಿಸಿದ್ದರ ಲೆಕ್ಕ ತಪ್ಪಿದರೆ ತಡವರಿಸಬೇಕಾಗುತ್ತದೆ.

ಹೀಗಿರುವಾಗ ಮಾಲೂರಿನ ಹುಡುಗ ಒಮ್ಮೆ ಸೋತದ್ದರಲ್ಲಿ ನಾಚಿಕೆಯೇನೂ ಇಲ್ಲ. ಎದುರಾಳಿಯ ಬ್ಯಾಟನ್ನು ಶಪಿಸುವುದರ ಬದಲು ತನ್ನ ಹಿಂದಿನ ಹೊಡೆತವನ್ನು ನೆನೆಯುವ ಅಭ್ಯಾಸವನ್ನು ಅವನು ಬೆಳೆಸಿಕೊಂಡ ದಿನ, ಆ ಮುಳ್ಳುಗಳಲ್ಲಿ ಮಾಯೆಯೆಂಬುದು ಏನೂ ಉಳಿಯುವುದಿಲ್ಲ.