ಕತ್ತರಿಸಿದರೆ ಬೆಳಗುವ ತುಣುಕು
ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಅಡಿಕೆ ತೋಟದಲ್ಲಿ ದರಗು ಬಾಚುವವರ ಕೈಗೆ ಕೊಳಕುಮಂಡಲವೋ ಗುಳಿಮಂಡಲವೋ ಕಚ್ಚಿದರೆ ಊತ, ರಕ್ತಸ್ರಾವದ ಭಯ. ವಿಷದಲ್ಲಿರುವ ಮೆಟಲೋಪ್ರೋಟಿಯೇಸ್ ಎಂಬ ಕಿಣ್ವಗಳು ಸೂಕ್ಷ್ಮ ರಕ್ತನಾಳಗಳಿಗೆ ಆಸರೆಯಾದ ಕೊಲಾಜನ್ ಪೊರೆಯನ್ನೇ ಕತ್ತರಿಸುವುದು ಈ ರಕ್ತಸ್ರಾವಕ್ಕೊಂದು ಮುಖ್ಯ ಕಾರಣ. ಆ ಕತ್ತರಿಯ ವೇಗ ಅಳೆಯಲು ಪ್ರಯೋಗಾಲಯಗಳು ಬಳಸುವ ಉಪಾಯ ನನಗೆ ಬಹಳ ಇಷ್ಟ: ಕೆಲವೇ ಅಮೈನೋ ಆಮ್ಲಗಳ ಒಂದು ಪೆಪ್ಟೈಡ್, ಅದರ ಒಂದು ತುದಿಗೆ ಹೊಳೆಯುವ ಅಣು, ಇನ್ನೊಂದು ತುದಿಯ ಬಳಿ ಆ ಹೊಳಪನ್ನು ನುಂಗುವ ಅಣು. ಕಿಣ್ವ ನಡುವೆ ಕತ್ತರಿಸಿತೋ, ಎರಡೂ ದೂರವಾಗಿ ನೀಲಿ ಬೆಳಕು ಏರುತ್ತದೆ. ಯಂತ್ರ ಅದನ್ನು ನಿಮಿಷ ನಿಮಿಷಕ್ಕೂ ದಾಖಲಿಸುತ್ತದೆ. ಔಷಧ ಬೆರೆಸಿದಾಗ ಬೆಳಕು ಏರದಿದ್ದರೆ ಕಿಣ್ವದ ಕೈ ಕಟ್ಟಿದಂತೆ. ಆದರೆ ಈ ಗಿಡ್ಡ ತುಣುಕು, ವಿಜ್ಞಾನಿ ಜಿ.ಎನ್. ರಾಮಚಂದ್ರನ್ 1950ರ ದಶಕದಲ್ಲಿ ಮದ್ರಾಸಿನಲ್ಲಿ ತೋರಿಸಿಕೊಟ್ಟ ಮೂರೆಳೆಯ ಕೊಲಾಜನ್ ಅಲ್ಲ. ಹಾಗಾಗಿ ಬೆಳಕಿನ ಲೆಕ್ಕವೊಂದನ್ನೇ ನಂಬಿ ಕೂರುವಂತಿಲ್ಲ. ಚಿಕಿತ್ಸೆಯ ಕಡೆ ನೋಡಿದರೆ, ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕಕ್ಕಾಗಿಯೇ ತಯಾರಾಗುವುದು; ಗುಳಿಮಂಡಲಕ್ಕೆ ಅಲ್ಲಿ ಜಾಗವಿಲ್ಲ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಕಡ್ಡಾಯವಾಗಿ ವರದಿ ಮಾಡಬೇಕೆಂದಿತು. ಇನ್ನು ಈ ಮೂರು ತಾಲ್ಲೂಕುಗಳ ಗುಳಿಮಂಡಲದ ವಿಷವೂ ಪರೀಕ್ಷೆಯ ತಟ್ಟೆಗೆ ಬರಬೇಕು.